ಸೂಕ್ತಪ್ಪನ ಮೂರು ಡ್ರಮ್ಮುಗಳು

ಬೆಳಿಗ್ಗೆ ಐದೂವರೆಗೆ ಅಂಚೆಪೆಟ್ಟಿಗೆ ಬೀದಿಯ ನಲ್ಲಿಗಳಲ್ಲಿ ನೀರು ಬಂತು. ಎಂಟೂವರೆಯಾದರೂ ನಿಲ್ಲಲಿಲ್ಲ.

ಮೊದಲನೆಯದು ಸುದ್ದಿಯಲ್ಲ, ಆ ಬೀದಿಗೆ ದಿನವೂ ಬೆಳಿಗ್ಗೆ ಒಂದು ಗಂಟೆ ಹೊತ್ತು ನೀರು ಬರುತ್ತದೆ. ಎರಡನೆಯದು ಸುದ್ದಿ. ಜನ ಮೊದಲು ಕೊಡ ತುಂಬಿದರು, ಆಮೇಲೆ ತೊಟ್ಟಿ, ಆಮೇಲೆ ಪಾತ್ರೆ ಪಡಗ, ಹೂವಿನ ಕುಂಡ, ಮಕ್ಕಳು ಆಡುವ ಪ್ಲಾಸ್ಟಿಕ್ ಲಾರಿ. ಕೊನೆಗೆ ತುಂಬಲು ಏನೂ ಉಳಿಯದೆ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಮೂಲೆ ಅಂಗಡಿಯ ಟೈಲರ್ ಕೊರಳಲ್ಲಿ ಅಳತೆ ಪಟ್ಟಿ ಹಾಕಿಕೊಂಡೇ ತನ್ನ ಗೋಡೆ ತೊಳೆದ; ನೀರು ನಿಲ್ಲದ್ದರಿಂದ ಎದುರು ಮನೆಯ ಗೋಡೆಯನ್ನೂ ತೊಳೆದ. ಎದುರು ಮನೆಯವರ ಜೊತೆ ಅವನು ಮಾತು ಬಿಟ್ಟು ವರ್ಷಗಳಾಗಿದ್ದವು.

ಊರಿನ ಉಳಿದ ಯಾವ ಬೀದಿಗೂ ಅಂದು ಒಂದು ತೊಟ್ಟು ನೀರು ಬರಲಿಲ್ಲ. ಇದು ಮೂರನೆಯ ಸಂಗತಿ. ಅಂಚೆಪೆಟ್ಟಿಗೆ ಬೀದಿಗೆ ಇದು ತಿಳಿಯಲು ತಡವಾಯಿತು. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರೆ. ಅದಕ್ಕೆ ಪಕ್ಕದ ಖಾಲಿ ಕೊಡದ ಸದ್ದೂ ಕೇಳಿಸುವುದಿಲ್ಲ.

ಮೂರೂ ಸಂಗತಿಗೆ ಕಾರಣನಾದ ಮನುಷ್ಯ ಆಗ ಅದೇ ಬೀದಿಯ ತನ್ನ ಮನೆಯ ಹಿಂದೆ ನಿಂತು ಹಲ್ಲುಜ್ಜುತ್ತಿದ್ದ. ಊರಿನ ನೀರು ಸರಬರಾಜು ಕಚೇರಿಯ ಗುಮಾಸ್ತ ಅವನು. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ಉಳಿದ ದಿನ ಎಲ್ಲರಿಗೂ ಅವನು ಸೂಕ್ತಪ್ಪ.

ಆ ಹೆಸರನ್ನು ಅವನು ದುಡಿದು ಗಳಿಸಿದ್ದ. ಕೊಳವೆ ಒಡೆದಿದೆ ಎಂದು ಅರ್ಜಿ ಬಂದರೆ ಅದರ ಮೇಲೆ ‘ಸೂಕ್ತ ಕ್ರಮ ಕೈಗೊಳ್ಳುವುದು’ ಎಂದು ಬರೆದು ಪಕ್ಕದ ಮೇಜಿಗೆ ಕಳುಹಿಸುತ್ತಿದ್ದ. ಪಕ್ಕದ ಮೇಜಿನವನಿಗೆ ಅದರ ತಾತ್ಪರ್ಯ ಗೊತ್ತಿತ್ತು: ಏನೂ ಮಾಡಬೇಡ, ಆದರೆ ಮಾಡಲಿಲ್ಲ ಎಂದು ನಾಳೆ ಯಾರೂ ನಮ್ಮನ್ನು ಹಿಡಿಯುವಂತಿರಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಗಾದೆಯನ್ನು ಸೂಕ್ತಪ್ಪ ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದಿದ್ದ. ಅವನ ಬರಹದಲ್ಲಿ ಹಾವು ಯಾವುದು, ಕೋಲು ಯಾವುದು ಎಂದೇ ಗೊತ್ತಾಗುತ್ತಿರಲಿಲ್ಲ. ಕಚೇರಿಯ ಹಾಜರಾತಿ ಸುತ್ತೋಲೆಯೂ ಅವನದೇ ರಚನೆ: ‘ಸಿಬ್ಬಂದಿಯು ಸೂಕ್ತ ಸಮಯಕ್ಕೆ ಹಾಜರಾಗತಕ್ಕದ್ದು.’ ಅದು ಹೊರಟ ದಿನದಿಂದ ಪ್ರತಿಯೊಬ್ಬರೂ ತಮತಮಗೆ ಸೂಕ್ತವಾದ ಸಮಯಕ್ಕೆ ಬರುತ್ತಿದ್ದರು. ಸುತ್ತೋಲೆಯನ್ನು ಯಾರೂ ಮುರಿದ ದಾಖಲೆಯಿಲ್ಲ.

ಈ ಸೇವೆಗೆ ಪ್ರತಿಫಲವಾಗಿ ಅವನಿಗೆ ಸಿಕ್ಕಿದ್ದು ಕಿಟಕಿ ಪಕ್ಕದ ಕುರ್ಚಿ. ಹೊರಗೆ ಒಂದು ಮರ, ಒಳಗೆ ಅದರ ನೆರಳು. ಪಕ್ಕದ ಮೇಜಿನವನು ಆ ಕುರ್ಚಿಯನ್ನು ನೋಡಿದಷ್ಟು ಆಸೆಯಿಂದ ತನ್ನ ಹೆಂಡತಿಯನ್ನೂ ನೋಡಿದವನಲ್ಲ ಎಂಬುದು ಕಚೇರಿಯ ಅಭಿಪ್ರಾಯ.

ಇಂಥ ಕಚೇರಿಗೆ ಎಐ ಏಜೆಂಟ್ ಬಂತು. ಏಜೆಂಟ್ ಎಂದರೆ, ಹೇಳಿದ ಕೆಲಸವನ್ನು ಕೇಳಿಸಿಕೊಂಡು ತಾನೇ ಮಾಡಿ ಮುಗಿಸುವ ಕಂಪ್ಯೂಟರ್ ಪ್ರೋಗ್ರಾಂ. ಮಾಡಿ ಮುಗಿಸುವುದು ಎಂಬ ಭಾಗ ಕಚೇರಿಗೆ ಹೊಸದಾದ್ದರಿಂದ ಎಲ್ಲರೂ ಅದನ್ನು ‘ಹೊಸಬ’ ಎಂದು ಕರೆದರು. ಯಾವ ಬೀದಿಗೆ ಎಷ್ಟು ಹೊತ್ತಿಗೆ ನೀರು ಬಿಡಬೇಕು, ಎಷ್ಟು ಹೊತ್ತಿಗೆ ನಿಲ್ಲಿಸಬೇಕು ಎಂಬ ದಾಖಲೆಯನ್ನು ತಿದ್ದಿ ತೀಡಿ ಇಡುವುದು ಹೊಸಬನ ಕೆಲಸ. ವಾಲ್ವಿನವನು ದಿನಾ ಮುಂಜಾನೆ ಫೋನಿನಲ್ಲಿ ಆ ದಾಖಲೆ ನೋಡಿಕೊಂಡೇ ವಾಲ್ವು ತಿರುಗಿಸುತ್ತಿದ್ದ.

ಹೊಸಬನನ್ನು ತಂದ ಕಂಪನಿಯ ತಂತ್ರಜ್ಞೆ ಸಭೆಯಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದ್ದಳು. “ಇದರ ಕೈಗೆ ಮೂರು ಟೂಲ್ ಕೊಟ್ಟಿದೀವಿ. ಒಂದನೇದು ದಾಖಲೆ ಓದುತ್ತೆ, ಏನೂ ಮುಟ್ಟಲ್ಲ. ಎರಡನೇದು ಒಂದು ಬೀದಿಯ ಸಾಲಿನಲ್ಲಿ ಹೇಳಿದ್ದಷ್ಟನ್ನೇ ತಿದ್ದುತ್ತೆ, ಉಳಿದದ್ದು ಇದ್ದ ಹಾಗೇ ಇರುತ್ತೆ. ಮೂರನೇದು ಇಡೀ ದಾಖಲೆ ತೆಗೆದುಹಾಕಿ, ನೀವು ಕೊಟ್ಟದ್ದನ್ನ ಮಾತ್ರ ಇಡುತ್ತೆ. ಅದು ವರ್ಷಕ್ಕೊಂದು ಸಲ, ಪೂರ್ತಿ ಹೊಸ ವೇಳಾಪಟ್ಟಿ ಬಂದಾಗ. ಯಾವುದನ್ನ ಯಾವಾಗ ಬಳಸಬೇಕು ಅಂತ ಇದಕ್ಕೆ ಹುಟ್ತಾನೇ ಗೊತ್ತಿರಲ್ಲ. ಪ್ರತಿ ಟೂಲಿನ ಕೆಳಗೆ ನೀವು ಬರೆಯೋ ವಿವರಣೆ ಓದಿಕೊಂಡು ಆರಿಸುತ್ತೆ. ಸರಿ, ವಿವರಣೆ ಯಾರು ಬರೀತೀರಾ?”

ಎಲ್ಲರೂ ಮೇಜಿನ ಮೇಲ್ಮೈಯನ್ನು ಮೊದಲ ಸಲ ಕಂಡವರಂತೆ ನೋಡತೊಡಗಿದರು. ಸೂಕ್ತಪ್ಪನ ನೆತ್ತಿಯ ಮೇಲೆ ಫ್ಯಾನು ರಭಸವಾಗಿ ತಿರುಗುತ್ತಿತ್ತು, ಅವನಿಗೆ ನೆಗಡಿಯಾಗಿತ್ತು. ಫ್ಯಾನು ಸ್ವಲ್ಪ ಕಡಿಮೆ ಮಾಡಿ ಎನ್ನಲು ಅವನು ಕೈಯೆತ್ತಿದ.

ಚಪ್ಪಾಳೆ ಬಿತ್ತು. ಸಾಹೇಬರು “ಭೇಷ್!” ಎಂದರು. ಎತ್ತಿದ ಕೈಯನ್ನು ಇಳಿಸುವುದು ಹೇಗೆಂದು ತಿಳಿಯದೆ ಸೂಕ್ತಪ್ಪ ಅದರಲ್ಲೇ ತಲೆ ಕೆರೆದುಕೊಂಡ.

ಮೂರು ವಿವರಣೆ ಬರೆಯಲು ಅವನು ಒಂದು ವಾರ ತೆಗೆದುಕೊಂಡ. ಒಂದು ಟೂಲಿಗೆ ಒಂದು, ಇನ್ನೊಂದಕ್ಕೆ ಇನ್ನೊಂದು ಬರೆದರೆ ನಾಳೆ ಆಡಿಟ್‌ನವರು ಈ ತಾರತಮ್ಯ ಯಾಕೆ ಎಂದು ಕೇಳಬಹುದು. ಆದ್ದರಿಂದ ಒಂದೇ ಥಾನಿನ ಬಟ್ಟೆಯಲ್ಲಿ ಮೂವರು ಮಕ್ಕಳಿಗೂ ಅಂಗಿ ಹೊಲಿಸಿದ ಹಾಗೆ, ಮೂರರ ಕೆಳಗೂ ಒಂದೇ ವಾಕ್ಯ ಬರೆದ: ‘ಅಗತ್ಯಾನುಸಾರ, ನಿಯಮಾನುಸಾರ, ದಾಖಲೆಯನ್ನು ಸೂಕ್ತವಾಗಿ ಪರಿಷ್ಕರಿಸುವುದು.’ ಸಾಹೇಬರು ಓದಿ, “ಎಲ್ಲೂ ಸಿಕ್ಕಿಬೀಳೋ ಹಾಗಿಲ್ಲ, ಚೆನ್ನಾಗಿದೆ” ಎಂದು ಒಪ್ಪಿಗೆ ಕೊಟ್ಟರು.

ಅಂಚೆಪೆಟ್ಟಿಗೆ ಬೀದಿಗೆ ಬೆಳಿಗ್ಗೆ ಐದಕ್ಕೆ ನೀರು ಬಂದರೆ ಯಾರೂ ಎದ್ದಿರುವುದಿಲ್ಲ, ಐದೂವರೆಗೆ ಬಿಡಿ ಎಂದು ಟೈಲರ್ ಹಿಂದೆಯೇ ಅರ್ಜಿ ಕೊಟ್ಟಿದ್ದ. ಮೇಲಿನಿಂದ ಒಪ್ಪಿಗೆಯೂ ಬಂದಿತ್ತು. ನೀರು ನಿಲ್ಲದ ಆ ಬೆಳಿಗ್ಗೆಯ ಹಿಂದಿನ ದಿನ ಸಂಜೆ ಮನೆಗೆ ಹೊರಡುವ ಮುನ್ನ ಸೂಕ್ತಪ್ಪ ಹೊಸಬನಿಗೆ, ಅಂಚೆಪೆಟ್ಟಿಗೆ ಬೀದಿಗೆ ನೀರು ಬಿಡುವ ಹೊತ್ತನ್ನು ಐದೂವರೆ ಮಾಡು ಎಂದು ಟೈಪ್ ಮಾಡಿದ. ಹೊಸಬ ಮೂರು ಟೂಲುಗಳ ವಿವರಣೆ ಓದಿದ. ಮೂರೂ ಒಂದೇ. ಮೂರರಲ್ಲೊಂದನ್ನು ಆರಿಸಿದ. ಅದು ಮೂರನೆಯದಾಗಿತ್ತು. ‘ದಾಖಲೆಯನ್ನು ಸೂಕ್ತವಾಗಿ ಪರಿಷ್ಕರಿಸಲಾಗಿದೆ’ ಎಂಬ ಉತ್ತರ ಪರದೆಯ ಮೇಲೆ ಮೂಡಿದಾಗ ಸೂಕ್ತಪ್ಪನಿಗೆ ಎದೆ ತುಂಬಿ ಬಂತು. “ನಮ್ಮವನೇ,” ಎಂದುಕೊಂಡು ಛತ್ರಿ ಎತ್ತಿಕೊಂಡು ಹೊರಟ.

ಹೀಗಾಗಿ ಊರಿನ ನೀರಿನ ದಾಖಲೆಯಲ್ಲಿ ಒಂದೇ ಒಂದು ಬೀದಿ ಉಳಿಯಿತು. ಆ ಬೀದಿಗೆ ನೀರು ಬಿಡುವ ಹೊತ್ತು ಉಳಿಯಿತು. ನಿಲ್ಲಿಸುವ ಹೊತ್ತು ಉಳಿಯಲಿಲ್ಲ.

*

ಇದೊಂದೂ ಗೊತ್ತಿಲ್ಲದ ಸೂಕ್ತಪ್ಪ ಛತ್ರಿ ಹಿಡಿದು ಬಾಗಿಲು ತೆರೆದಾಗ ಮೆಟ್ಟಿಲ ಮುಂದೆ ಬೀದಿಯೇ ನಿಂತಿತ್ತು. ಮುಂದೆ ಟೈಲರ್.

“ಸೂಕ್ತಪ್ಪೋರೇ, ನಿಜ ಹೇಳಿ. ಇದು ನೀವೇ ಮಾಡಿಸಿದ್ದಾ?”

“ಯಾವುದು?”

“ನೋಡ್ರಪ್ಪಾ, ಯಾವುದು ಅಂತಾರೆ! ಇಡೀ ಊರಿನ ನೀರನ್ನ ನಮ್ಮ ಬೀದಿಗೆ ತಿರುಗಿಸಿ, ಏನೂ ಗೊತ್ತಿಲ್ಲದ ಹಾಗೆ ನಿಂತಿದಾರೆ! ದಿಬ್ಬದ ಬೀದೀಲಿ ಒಂದು ಹನಿ ಇಲ್ವಂತೆ. ಮಾರ್ಕೆಟ್ ಬೀದೀಲಿ ಹೋಟೆಲ್ಲು ಮುಚ್ಚಿದಾರಂತೆ. ನಿಮ್ಮದೇ ಕೆಲಸ ತಾನೇ?”

ಇಲ್ಲ ಎಂದಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಹೌದು, ಇಲ್ಲ ಎಂಬ ಎರಡು ಪದಗಳನ್ನು ಸೂಕ್ತಪ್ಪ ಸೇವೆಗೆ ಸೇರಿದಂದಿನಿಂದ ಬಾಯಿಗೆ ತಂದವನಲ್ಲ. ಅಭ್ಯಾಸಬಲದಿಂದ ಗಂಟಲು ಸರಿಮಾಡಿಕೊಂಡು, “ಆ ಬಗ್ಗೆ ಸೂಕ್ತ ಕ್ರಮ ಆಗಿರುತ್ತೆ,” ಎಂದ.

ಬೀದಿ ಹೋ ಎಂದಿತು. ಟೈಲರ್ ಅವನ ಕೈ ಹಿಡಿದು ಕುಲುಕಿ, “ಒಂದು ಪ್ಯಾಂಟು ಹೊಲಿದುಕೊಡ್ತೀನಿ, ಮಜೂರಿ ಮಾತು ಎತ್ತಬೇಡಿ,” ಎಂದ. ಎದುರು ಮನೆಯವರು, “ಪ್ಯಾಂಟಿನ ಬಟ್ಟೆ ನಮ್ಮದು,” ಎಂದರು. ಅವರ ಗೋಡೆ ಅಷ್ಟೊಂದು ಬೆಳ್ಳಗಾಗಿದ್ದರಿಂದ ಇಬ್ಬರಿಗೂ ರಾಜಿಯಾಗಿತ್ತು. ಒಬ್ಬಾಕೆ ತನ್ನ ಮಗನ ಬೆನ್ನಿಗೆ ಗುದ್ದಿ, “ನೋಡು, ಓದಿ ಬರೆದ್ರೆ ಹಿಂಗಾಗ್ತಾರೆ,” ಎಂದಳು. ನೀರು ಕೊಡಿಸುತ್ತೇನೆಂದು ಗೆದ್ದು, ಗೆದ್ದ ಮೇಲೆ ಕಾಣದೇ ಇದ್ದ ವಾರ್ಡಿನ ಸದಸ್ಯ ಎಲ್ಲಿಂದಲೋ ಪ್ರತ್ಯಕ್ಷನಾಗಿ ಸೂಕ್ತಪ್ಪನ ಹೆಗಲ ಮೇಲೆ ಕೈ ಹಾಕಿದ. “ಇವರಿಗೆ ನಾನೇ ಹೇಳಿದ್ದು,” ಎಂದು ಘೋಷಿಸಿದ. ಸೂಕ್ತಪ್ಪನ ಕಿವಿಯಲ್ಲಿ ಮಾತ್ರ, “ಏನು ಮಾಡಿದ್ರಿ ಸ್ವಾಮಿ, ನನಗಾದ್ರೂ ಹೇಳಿ,” ಎಂದು ಕೇಳಿದ.

ಹೊಗಳಿಕೆಗೆ ತೂಕವಿಲ್ಲ, ಹೊತ್ತವನಿಗೂ ಗೊತ್ತಾಗುವುದಿಲ್ಲ. ಬೀದಿಯ ಕೊನೆ ತಲುಪುವ ಹೊತ್ತಿಗೆ ಸೂಕ್ತಪ್ಪ ಛತ್ರಿಯನ್ನು ಬೆತ್ತದಂತೆ ಬೀಸಿಕೊಂಡು ನಡೆಯುತ್ತಿದ್ದ.

ಬೀದಿಯ ತಿರುವು ದಾಟಿದೊಡನೆ ಹವಾಮಾನ ಬದಲಾಯಿತು. ಬಸ್ಸಿನಲ್ಲಿ ಮುಖ ತೊಳೆಯದ ಜನ. ಕಂಡಕ್ಟರ್ ಇವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಸ್ನಾನ ಆಗಿದೆ ಅನ್ನಿಸುತ್ತೆ,” ಎಂದ. ಇಡೀ ಬಸ್ಸು ತಿರುಗಿ ನೋಡಿತು. ಸೂಕ್ತಪ್ಪ ಎರಡು ಸ್ಟಾಪು ಮೊದಲೇ ಇಳಿದು, ಒದ್ದೆ ತಲೆಯ ಮೇಲೆ ಛತ್ರಿ ಬಿಡಿಸಿಕೊಂಡು ನಡೆದ. ಅಂದು ಬಿಸಿಲೂ ಇರಲಿಲ್ಲ, ಮಳೆಯೂ ಇರಲಿಲ್ಲ.

*

ಕಚೇರಿಯಲ್ಲಿ ಎಲ್ಲ ಫೋನುಗಳೂ ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. ಸಾಹೇಬರು ವಾಲ್ವಿನವನನ್ನು ನಿಲ್ಲಿಸಿಕೊಂಡಿದ್ದರು. ವಾಲ್ವಿನವನ ಮುಖದಲ್ಲಿ ಕಣ್ತುಂಬ ನಿದ್ದೆ ಮಾಡಿದವನ ಕಳೆಯಿತ್ತು.

“ಒಂದೇ ಬೀದಿಗೆ ಬಿಟ್ಯಲ್ಲೋ, ಬೇರೆ ಬೀದಿಗಳು ನಿನಗೆ ನೆನಪಿಗೆ ಬರಲಿಲ್ವೇನೋ?”

“ಬಂತು ಸಾರ್. ಆದ್ರೆ ದಾಖಲೇಲಿ ಒಂದೇ ಇತ್ತು. ಹೋದ ವರ್ಷ ನೆನಪಿನ ಮೇಲೆ ಬಿಟ್ಟಿದ್ದಕ್ಕೆ ನೀವೇ ಮೆಮೋ ಕೊಟ್ಟಿದ್ರಿ.”

“ನಿಲ್ಲಿಸಬೇಕು ಅಂತಾದ್ರೂ ಗೊತ್ತಾಗಲಿಲ್ವಾ?”

“ನಿಲ್ಲಿಸೋ ಹೊತ್ತು ಬರೆದಿರಲಿಲ್ಲ. ಬರೆಯದೇ ಇದ್ದದ್ದನ್ನ ನಿಲ್ಲಿಸೋಕೆ ನಾನ್ಯಾರು ಸಾರ್? ಒಂದು ವಾಲ್ವು ತಿರುಗಿಸಿದೆ, ಮನೆಗೆ ಹೋದೆ. ಮದುವೆಯಾದ ಮೇಲೆ ಮೊದಲ ಸಲ ಹೆಂಡತಿ ಜೊತೆ ಕೂತು ತಿಂಡಿ ತಿಂದೆ. ಯಾರಪ್ಪ ಇದು ಮನೆಯೊಳಗೆ ಅಂದ್ಲು.”

ಸಾಹೇಬರು ಸೂಕ್ತಪ್ಪನ ಕಡೆ ತಿರುಗಿ, ಅಭ್ಯಾಸದಂತೆ, “ಈ ಬಗ್ಗೆ ಸೂಕ್ತ ಕ್ರಮ…” ಎಂದು ಶುರುಮಾಡಿ, ಬಿಸಿ ಪಾತ್ರೆ ಮುಟ್ಟಿದವರಂತೆ ಮಾತು ಕೈಬಿಟ್ಟರು. ಪಕ್ಕದ ಮೇಜಿನವನು ಅಷ್ಟರಲ್ಲಿ ತಂತ್ರಜ್ಞೆಗೆ ಫೋನು ಹಚ್ಚಿ ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟಿದ್ದ. ಅವನು ಸ್ವಯಂಪ್ರೇರಣೆಯಿಂದ ಮಾಡಿದ ಮೊದಲ ಕೆಲಸ ಅದು.

“ಹಳೇ ದಾಖಲೆ ಉಳಿಸಿಟ್ಟಿದೀವಿ, ಈಗಲೇ ವಾಪಸ್ ಹಾಕ್ತೀನಿ, ಭಯಪಡಬೇಡಿ,” ಎಂದಳು ತಂತ್ರಜ್ಞೆ. ಆಮೇಲೆ ಕೀಲಿಮಣೆಯ ಸದ್ದು ಕೇಳಿತು. “ಟೂಲುಗಳ ವಿವರಣೆ ಓದ್ತಾ ಇದೀನಿ. ಮೂರಕ್ಕೂ ಒಂದೇ ಇದೆಯಲ್ಲ ಸಾರ್?”

“ತಾರತಮ್ಯ ಆಗಬಾರದು ಅಂತ,” ಎಂದ ಸೂಕ್ತಪ್ಪ.

“ಸಾರ್, ಯಾವ ಟೂಲು ಏನು ಮಾಡುತ್ತೆ, ಏನು ಮಾಡಲ್ಲ ಅಂತ ಬರೆಯದಿದ್ರೆ ಅದು ಪಾಪ ಏನು ಮಾಡಬೇಕು? ಏಜೆಂಟನ್ನ ಸದ್ಯಕ್ಕೆ ನಿಲ್ಲಿಸಿರ್ತೀನಿ. ನಾಳೆ ಹನ್ನೊಂದಕ್ಕೆ ನಾನೇ ಬರ್ತೀನಿ. ಅಷ್ಟೊತ್ತಿಗೆ ಹೊಸ ವಿವರಣೆ ಬರೆದಿಟ್ಟಿರಿ.”

ಫೋನು ಕೆಳಗಿಟ್ಟ ಮೇಲೆ ಸಾಹೇಬರು ಸೇವಾವಧಿಯಲ್ಲೇ ಮೊದಲ ಬಾರಿಗೆ ಒಂದು ಸ್ಪಷ್ಟವಾದ ಮಾತಾಡಿದರು. “ನಾಳೆ ಹನ್ನೊಂದಕ್ಕೆ ಅದು ಸರಿಯಾಗಿ ಕೆಲಸ ಮಾಡಬೇಕು. ಇಲ್ಲದಿದ್ರೆ ನಾಡಿದ್ದಿನಿಂದ ನೀವು ಕೊಳಚೆ ನೀರು ಶುದ್ಧೀಕರಣ ಘಟಕಕ್ಕೆ. ಈ ಕುರ್ಚಿ ಅವನಿಗೆ.”

ಪಕ್ಕದ ಮೇಜಿನವನು ಎದ್ದು ಬಂದು ಕಿಟಕಿಯ ಬಾಗಿಲನ್ನು ಒಮ್ಮೆ ಮುಚ್ಚಿ, ಒಮ್ಮೆ ತೆರೆದು ನೋಡಿದ. “ಕೀಲಿಗೆ ಎಣ್ಣೆ ಬಿಡಬೇಕು,” ಎಂದ.

ಶುದ್ಧೀಕರಣ ಘಟಕ ಊರ ಹೊರಗಿತ್ತು. ಅಲ್ಲಿಗೆ ಹೋದವರು ಮನೆಗೆ ಬಂದರೆ ಬಾಗಿಲಲ್ಲೇ ಬಟ್ಟೆ ಬದಲಿಸಬೇಕಾಗಿತ್ತು. ಅಲ್ಲಿನ ಹಿಂದಿನ ಗುಮಾಸ್ತನನ್ನು ಅವನ ನಾಯಿಯೇ ಗುರುತು ಹಿಡಿಯದೆ ಕಚ್ಚಿತ್ತು. ಈ ಸಂಗತಿಯನ್ನು ನಾಯಿಯ ಮಾಲೀಕನೇ ಖಚಿತಪಡಿಸಿದ್ದಾನೆ.

*

ಸೂಕ್ತಪ್ಪ ಅರ್ಧ ದಿನ ರಜೆ ಹಾಕಿ, ಬರೆಯಲು ಮನೆಗೆ ಬಂದ. ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ಮಧ್ಯಾಹ್ನದಿಂದ ಒಂದೊಂದೇ ಬೀದಿಗೆ ಸರದಿಯ ಮೇಲೆ ನೀರು ಬಿಡಲಾಗುತ್ತಿತ್ತು. ದಿಬ್ಬದ ಬೀದಿಗೆ ನೀರು ಏರುವುದು ಮರುದಿನ ಬೆಳಿಗ್ಗೆಯೇ. ಸೂಕ್ತಪ್ಪನ ಅಕ್ಕನ ಮನೆ ಇದ್ದದ್ದು ಅಲ್ಲೇ, ತುತ್ತತುದಿಯಲ್ಲಿ. ಅಕ್ಕ ಬಟ್ಟೆಗಂಟಿನೊಂದಿಗೆ ಇಳಿದುಬಂದಿದ್ದಳು. ಹಿಂದೆ ಸ್ಕೂಟರ್ ತಳ್ಳಿಕೊಂಡು ಭಾವ, ಭಾವನ ಹಿಂದೆ ಅವನ ವಯಸ್ಸಾದ ತಂದೆ, ಅವರ ಹಿಂದೆ ದಿಬ್ಬದ ಬೀದಿಯ ಅರ್ಧದಷ್ಟು ಜನ.

“ಬಂದ್ಯಾ ರಾಜ,” ಎಂದಳು ಅಕ್ಕ, ನಡುಮನೆಯಲ್ಲಿ ಕಾಲು ಚಾಚಿಕೊಂಡು. “ಚಿಕ್ಕಂದಿನಲ್ಲಿ ನಿನ್ನ ಎತ್ತಿ ಆಡಿಸಿದ್ದು ಈ ಕೈ. ನಿನಗೆ ಊರಿನ ನೀರು ತಿರುಗಿಸೋ ಶಕ್ತಿ ಬಂದಾಗ, ತಿರುಗಿಸೋದೇ ಆದ್ರೆ, ಸ್ವಲ್ಪ ದಿಬ್ಬದ ಕಡೆ ತಿರುಗಿಸಬಾರದಾ? ಅಕ್ಕ ಅಂದ್ರೆ ಅಷ್ಟು ದೂರ ಆಗೋದ್ಲಾ?”

“ಅಕ್ಕ, ಅದು ನಾನು ಮಾಡಿದ್ದಲ್ಲ…”

“ಹಂಗಾದ್ರೆ ಟೈಲರ್ ಸುಳ್ಳು ಹೇಳ್ತಾನಾ? ನಿನ್ನ ಬಾಯಿಂದಲೇ ಕೇಳಿದ್ನಂತೆ.”

ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. “ರೀ, ಜನ ಬರಲಿ ಬಿಡ್ಲಿ, ನನಗೆ ಬೇಜಾರಿಲ್ಲ. ಮೂರು ಡ್ರಮ್ಮು ತುಂಬಿಸಿಟ್ಟಿದೀನಿ. ಯಾವುದು ಯಾವುದಕ್ಕೆ ಅಂತ ಹೇಳಿ ಹೇಳಿ ಗಂಟಲು ಒಣಗ್ತು. ನೀವು ಬರೆಯೋದರಲ್ಲಿ ಹೆಸರಾದವರಲ್ವಾ? ಒಂದೊಂದು ಚೀಟಿ ಬರೆದು ಅಂಟಿಸಿಬಿಡಿ.”

ಹಿತ್ತಲಲ್ಲಿ ಮೂರು ಡ್ರಮ್ಮುಗಳಿದ್ದವು. ನೀಲಿಯದರಲ್ಲಿ ಕುಡಿಯುವ ನೀರು, ಹಸಿರಿನದರಲ್ಲಿ ಸ್ನಾನದ ನೀರು, ಕಪ್ಪಿನದರಲ್ಲಿ ಬಟ್ಟೆ, ನೆಲ ತೊಳೆಯುವ ನೀರು. ಸೂಕ್ತಪ್ಪ ಮೂರು ಚೀಟಿ ತೆಗೆದುಕೊಂಡ. ಬೆರಳು ತಾನಾಗಿ ಓಡಿತು. ಮೂರರ ಮೇಲೂ ‘ಅಗತ್ಯಾನುಸಾರ ಸೂಕ್ತವಾಗಿ ಬಳಸತಕ್ಕದ್ದು’ ಎಂದು ಬರೆದು ಅಂಟಿಸಿ, ಕೋಣೆಗೆ ಹೋಗಿ, ಟೂಲುಗಳ ವಿವರಣೆ ಬರೆಯಲು ಕೂತ. ಮೊದಲ ಸಾಲು ಬರೆದ, ಹೊಡೆದುಹಾಕಿದ. ‘ಸೂಕ್ತವಾಗಿ’ ಎಂಬ ಪದವಿಲ್ಲದೆ ಅವನ ಕೈ, ಊರುಗೋಲಿಲ್ಲದ ಮುದುಕನಂತೆ, ಎರಡು ಹೆಜ್ಜೆಗೇ ಕುಸಿದು ಕೂರುತ್ತಿತ್ತು.

ಹಿತ್ತಲಿಂದ ಹೆಂಡತಿಯ ಕೂಗು ಕೇಳಿಸಿತು.

ಅವನು ಓಡಿಬಂದು ನೋಡಿದ. ಭಾವ ಕುಡಿಯುವ ನೀರನ್ನು ಬಕೆಟ್ಟಿನಲ್ಲಿ ಎತ್ತಿ ಎತ್ತಿ ಸ್ಕೂಟರಿಗೆ ಅಭ್ಯಂಜನ ಮಾಡಿಸುತ್ತಿದ್ದ. ಅಕ್ಕ ಸ್ನಾನದ ಡ್ರಮ್ಮಿನಲ್ಲಿ ಸೋಪಿನ ಪುಡಿ ಸುರಿದು ಬೆಡ್‌ಶೀಟು ನೆನೆಸಿದ್ದಳು. ಭಾವನ ತಂದೆ ಕಪ್ಪು ಡ್ರಮ್ಮಿನಿಂದ ಒಂದು ಲೋಟ ನೀರು ತೆಗೆದು ತುಟಿಗಿಡುವುದರಲ್ಲಿದ್ದರು.

“ಏನ್ ಭಾವ ಇದು!”

“ಯಾಕೆ ಬಾಮೈದ? ಚೀಟಿ ಓದಿಯೇ ಮಾಡ್ತಿದೀನಪ್ಪ. ಅಗತ್ಯ ಇತ್ತು, ಗಾಡಿ ಕೊಳೆಯಾಗಿತ್ತು. ಸೂಕ್ತವಾಗೇ ತೊಳೀತಿದೀನಿ, ನೋಡು, ಒಂದು ಕಲೆ ಇಲ್ಲ.”

“ನನಗೂ ಅಗತ್ಯ ಇತ್ತು,” ಎಂದರು ಭಾವನ ತಂದೆ, ಲೋಟ ತೋರಿಸಿ. “ಬಾಯಾರಿಕೆ.”

ಹೆಂಡತಿ ಮೂರು ಚೀಟಿಗಳನ್ನೂ ನಿಧಾನವಾಗಿ ಓದಿದಳು. ಒಮ್ಮೆ ಎಡದಿಂದ, ಒಮ್ಮೆ ಬಲದಿಂದ. “ಇದನ್ನ ಬರೆದೋರು ಯಾರು?” ಎಂದಳು. ಯಾರೆಂದು ಅವಳಿಗೆ ಗೊತ್ತಿತ್ತು. ಆ ಪ್ರಶ್ನೆಯನ್ನು ಉತ್ತರಕ್ಕಾಗಿ ಕೇಳಿದ್ದಲ್ಲ.

ಸೂಕ್ತಪ್ಪನ ಕಿವಿ ಕೆಂಪಾದವು. ಅವನು ಮೂರು ಚೀಟಿಯನ್ನೂ ಪರಪರ ಕಿತ್ತ. ಸಿಟ್ಟಿನಲ್ಲಿ ಮನುಷ್ಯನಿಗೆ ಉದ್ದ ಪದ ಹೊಳೆಯುವುದಿಲ್ಲ. ನಿಂತಲ್ಲೇ ಗೋಡೆಗೆ ಕಾಗದ ಒತ್ತಿ ಬರೆದ. ನೀಲಿ ಡ್ರಮ್ಮಿಗೆ: ‘ಇದು ಕುಡಿಯುವ ನೀರು. ಕುಡಿಯಲು, ಅಡುಗೆಗೆ ಮಾತ್ರ. ಮೇಲಿಟ್ಟ ಸೌಟಿನಿಂದ ತೆಗೆಯಿರಿ, ಕೈ ಅದ್ದಬೇಡಿ. ಸ್ನಾನಕ್ಕೆ ಹಸಿರು ಡ್ರಮ್ಮು.’ ಹಸಿರು ಡ್ರಮ್ಮಿಗೆ: ‘ಸ್ನಾನಕ್ಕೆ ಮಾತ್ರ. ಇದರೊಳಗೆ ಸೋಪು ಹಾಕಬೇಡಿ, ಹಾಕಿದರೆ ಉಳಿದವರಿಗೆಲ್ಲ ಕೆಡುತ್ತದೆ. ಬಟ್ಟೆಗೆ ಕಪ್ಪು ಡ್ರಮ್ಮು.’ ಕಪ್ಪಿನದಕ್ಕೆ: ‘ಬಟ್ಟೆಗೆ, ನೆಲಕ್ಕೆ. ಕುಡಿಯಬೇಡಿ.’ ಮೂರರ ಕೆಳಗೂ: ‘ಗೊತ್ತಾಗದಿದ್ದರೆ ಊಹೆ ಮಾಡಬೇಡಿ. ನನ್ನನ್ನು ಕೇಳಿ.’

ಬರೆದಾದ ಮೇಲೆ ಅವನಿಗೇ ಗಾಬರಿಯಾಯಿತು. ಇಷ್ಟು ಬರಿಮೈಯ ವಾಕ್ಯಗಳನ್ನು ಅವನು ಎಂದೂ ಹೊರಗೆ ಕಳುಹಿಸಿರಲಿಲ್ಲ.

ಕೆಟ್ಟ ನೀರನ್ನು ಚೆಲ್ಲಿ, ಅಕ್ಕಪಕ್ಕದವರು ಬೆಳಿಗ್ಗೆ ತುಂಬಿಟ್ಟಿದ್ದ ನೀರಿನಿಂದ ಡ್ರಮ್ಮುಗಳನ್ನು ಮತ್ತೆ ತುಂಬಿದ್ದಾಯಿತು. ಹಿತ್ತಲು ಶಾಂತವಾಯಿತು. ಸೌಟು ಸೌಟಿನ ಜಾಗದಲ್ಲಿತ್ತು. ಅಕ್ಕನ ಬೆಡ್‌ಶೀಟು ಕಪ್ಪು ಡ್ರಮ್ಮಿನ ಬಳಿ ಹೋಗಿತ್ತು. ಸೂಕ್ತಪ್ಪ ಮತ್ತೆ ಬರೆಯಲು ಕೂತಾಗ ಬಾಗಿಲಲ್ಲಿ ಭಾವನ ತಲೆ ಕಾಣಿಸಿತು.

“ಬಾಮೈದ, ಸ್ಕೂಟರ್ ವಿಷಯ ಯಾವ ಚೀಟೀಲೂ ಇಲ್ಲ. ಅದಕ್ಕೆ ಯಾವ ಡ್ರಮ್ಮು?”

ಸೂಕ್ತಪ್ಪ ಅವನನ್ನೇ ಎವೆಯಿಕ್ಕದೆ ನೋಡಿದ. ಈ ಭಾವ ಮದುವೆಯಾದಂದಿನಿಂದ ಯಾರನ್ನೂ ಏನೂ ಕೇಳಿದವನಲ್ಲ. ಹೆಣ್ಣು ನೋಡಲು ಬಂದಾಗಲೂ ಕೇಳದೆ ಮನೆಯ ರೇಡಿಯೊ ಬಿಚ್ಚಿ ರಿಪೇರಿ ಮಾಡಿದ್ದ. ಅದು ಮತ್ತೆ ಹಾಡಲಿಲ್ಲ.

“ಕಪ್ಪು,” ಎಂದ ಸೂಕ್ತಪ್ಪ. ಆಮೇಲೆ ತನ್ನ ಕಾಗದದಲ್ಲಿದ್ದುದನ್ನೆಲ್ಲ ಹೊಡೆದುಹಾಕಿ ಹೊಸದಾಗಿ ಶುರುಮಾಡಿದ. ಸಂಜೆಯೊಳಗೆ ಮುಗಿಯಿತು.

*

ಮರುದಿನ ಸಾಹೇಬರು ಆ ಕಾಗದವನ್ನು ಕೈಯಲ್ಲಿ ಹಿಡಿದು, ತಂತ್ರಜ್ಞೆಯ ಎದುರೇ, ಎರಡು ಸಲ ಓದಿದರು.

‘ಟೂಲ್ ಒಂದು: ದಾಖಲೆಯನ್ನು ಓದುತ್ತದೆ. ಏನನ್ನೂ ಬದಲಿಸುವುದಿಲ್ಲ. ಬೇರೆ ಟೂಲು ಮುಟ್ಟುವ ಮುನ್ನ ಇದನ್ನು ಬಳಸಿ, ಈಗ ಏನಿದೆ ಎಂದು ನೋಡು.

ಟೂಲ್ ಎರಡು: ಒಂದು ಬೀದಿಯ ಸಾಲನ್ನು ತಿದ್ದುತ್ತದೆ. ಬೀದಿಯ ಪೂರ್ತಿ ಹೆಸರು ಬೇಕು. ಹೇಳಿದ್ದನ್ನು ಮಾತ್ರ ಬದಲಿಸುತ್ತದೆ. ಹೇಳದೇ ಇದ್ದದ್ದು ಹಾಗೇ ಉಳಿಯುತ್ತದೆ. ದಿನನಿತ್ಯದ ತಿದ್ದುಪಡಿಗೆಲ್ಲ ಇದೇ.

ಟೂಲ್ ಮೂರು: ಇಡೀ ದಾಖಲೆಯನ್ನು ತೆಗೆದು ಹೊಸದನ್ನು ಇಡುತ್ತದೆ. ಕೊಡದೇ ಇದ್ದದ್ದು ಅಳಿಸಿಹೋಗುತ್ತದೆ. ಊರಿಗೆಲ್ಲ ಹೊಸ ವೇಳಾಪಟ್ಟಿ ಬಂದಾಗ ಮಾತ್ರ. ಒಂದು ಬೀದಿಯ ತಿದ್ದುಪಡಿಗೆ ಎಂದಿಗೂ ಬೇಡ. ಅದಕ್ಕೆ ಟೂಲ್ ಎರಡು.

ಯಾವ ಬೀದಿ, ಯಾವ ಹೊತ್ತು ಎಂದು ಖಚಿತವಾಗದಿದ್ದರೆ ಊಹೆ ಮಾಡಬೇಡ. ಕೇಳು.’

“ಇದೇನ್ರೀ,” ಎಂದರು ಸಾಹೇಬರು. “ಮಗೂಗೂ ಅರ್ಥ ಆಗೋ ಹಾಗಿದೆ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ತಪ್ಪು ಯಾರದು ಅಂತ ಥಟ್ಟನೆ ಗೊತ್ತಾಗಿಬಿಡುತ್ತಲ್ರೀ! ಎಲ್ಲಾದ್ರೂ ಒಂದು ಕಡೆ ‘ಸೂಕ್ತವಾಗಿ’ ಸೇರಿಸಿ. ರಕ್ಷಣೆಗೆ.”

“ನಾನೂ ಅದನ್ನೇ ಹೇಳೋಣ ಅಂತಿದ್ದೆ,” ಎಂದ ಪಕ್ಕದ ಮೇಜಿನವನು. ಅವನ ಕೈಯಲ್ಲಿ ಕಿಟಕಿಗೆ ಬಿಡಲು ತಂದ ಎಣ್ಣೆಯ ಸೀಸೆಯಿತ್ತು.

ಸೂಕ್ತಪ್ಪ ಕಾಗದದ ಕಡೆ ಕೈ ಚಾಚಿದ. “ಬೇಡ ಸಾರ್.”

“ಏನಂದ್ರಿ?”

“ಬೇಡ ಅಂದೆ. ಆ ಪದ ಇದ್ದದ್ದಕ್ಕೇ ನಮ್ಮ ಭಾವ ಕುಡಿಯೋ ನೀರಲ್ಲಿ ಸ್ಕೂಟರ್ ತೊಳೆದಿದ್ದು.”

ಸಭೆಗೆ ಇದು ಅರ್ಥವಾಗಲಿಲ್ಲ. ಆದರೆ ಸೂಕ್ತಪ್ಪನ ಬಾಯಿಂದ ‘ಬೇಡ’ ಎಂಬ ಮಾತು ಬಂದದ್ದು ಎಲ್ಲರಿಗೂ ಕೇಳಿಸಿತು. ಪಕ್ಕದ ಮೇಜಿನವನು ಸೀಸೆಯನ್ನು ಜೇಬಿಗೆ ಹಾಕಿಕೊಂಡ. ತಂತ್ರಜ್ಞೆ ಹೊಸ ವಿವರಣೆಗಳನ್ನು ಹಾಕಿ, ಏಜೆಂಟನ್ನು ಚಾಲೂ ಮಾಡಿ, “ನೀವೇ ಏನಾದ್ರೂ ಹೇಳಿ ನೋಡಿ ಸಾರ್,” ಎಂದು ಕೀಲಿಮಣೆಯನ್ನು ಸಾಹೇಬರ ಕಡೆ ಸರಿಸಿದಳು.

ಸಾಹೇಬರು ಒಂದು ಬೆರಳಿನಿಂದ ಟೈಪ್ ಮಾಡಿದರು: ‘ನೀರು ಸಿಗದ ದಿಬ್ಬದ ಬೀದಿಗೆ ನಾಳೆಯಿಂದ ಒಂದು ವಾರ ಅರ್ಧ ಗಂಟೆ ಹೆಚ್ಚು ನೀರು ಬಿಡುವಂತೆ ಸೂಕ್ತ ಕ್ರಮ ಕೈಗೊಳ್ಳುವುದು.’

ಎಲ್ಲರೂ ಪರದೆಗೆ ಮುಖ ತಾಗಿಸಿದರು. ಸೂಕ್ತಪ್ಪ ಕಣ್ಣು ಮುಚ್ಚಿಕೊಂಡ. ಅವನ ಮೂಗಿಗೆ ಶುದ್ಧೀಕರಣ ಘಟಕದ ವಾಸನೆ ಬಂದೇಬಿಟ್ಟಿತು.

ಪರದೆಯ ಮೇಲೆ ಉತ್ತರ ಮೂಡಿತು: ‘ದಾಖಲೆಯನ್ನು ಓದಿದೆ, ಇನ್ನೂ ಏನನ್ನೂ ಬದಲಿಸಿಲ್ಲ. ಮೇಲಿನ ದಿಬ್ಬದ ಬೀದಿ, ಕೆಳಗಿನ ದಿಬ್ಬದ ಬೀದಿ ಎಂದು ಎರಡಿವೆ. ಯಾವುದಕ್ಕೆ? ನೀರು ಅರ್ಧ ಗಂಟೆ ಮೊದಲು ಬಿಡಬೇಕೇ, ಅಥವಾ ಅರ್ಧ ಗಂಟೆ ತಡವಾಗಿ ನಿಲ್ಲಿಸಬೇಕೇ?’

ಆ ಕಚೇರಿ ಸ್ಥಾಪನೆಯಾದಂದಿನಿಂದ ಒಂದು ಆದೇಶ ಕೈಗೆ ಬಂದ ಮೇಲೆ ‘ಅಂದರೆ ಏನು?’ ಎಂದು ಕೇಳಿದ ಮೊದಲ ನೌಕರ ಅದು.

“ಎರಡಿದಾವಾ?” ಎಂದರು ಸಾಹೇಬರು, ಹಣೆ ಒರೆಸಿಕೊಳ್ಳುತ್ತ, ಸಣ್ಣ ದನಿಯಲ್ಲಿ.

“ಇವೆ ಸಾರ್,” ಎಂದ ಸೂಕ್ತಪ್ಪ ಕಣ್ಣು ತೆರೆದು. “ನಮ್ಮ ಅಕ್ಕನ ಮನೆ ಮೇಲಿನದರಲ್ಲಿ. ಎರಡೂ ಬೀದಿಗೆ ನೀರಿರಲಿಲ್ಲ. ಎರಡಕ್ಕೂ ಬಿಡಿ. ಅರ್ಧ ಗಂಟೆ ತಡವಾಗಿ ನಿಲ್ಲಿಸಿದ್ರೆ ಜನ ಬೇಗ ಏಳೋದು ತಪ್ಪುತ್ತೆ.”

ಸಾಹೇಬರು ಹಾಗೆಯೇ ಟೈಪ್ ಮಾಡಿದರು. ಏಜೆಂಟ್ ಎರಡು ಸಾಲುಗಳಲ್ಲಿ ನಿಲ್ಲಿಸುವ ಹೊತ್ತನ್ನು ಮಾತ್ರ ಒಂದು ವಾರದ ಮಟ್ಟಿಗೆ ತಿದ್ದಿ, ಏನನ್ನು ತಿದ್ದಿದೆ, ಏನನ್ನು ಮುಟ್ಟಿಲ್ಲ ಎಂದು ತಿಳಿಸಿತು. ವಾಲ್ವಿನವನು ಫೋನಿನಲ್ಲಿ ದಾಖಲೆ ತೆರೆದು ನೋಡಿದ. ಊರಿನ ಅಷ್ಟೂ ಬೀದಿಗಳು ಸಾಲಾಗಿ ನಿಂತಿದ್ದವು. “ಎಲ್ಲ ಇವೆ,” ಎಂದ. ಅವನೊಬ್ಬನ ದನಿಯಲ್ಲಿ ಮಾತ್ರ ಸ್ವಲ್ಪ ದುಃಖವಿತ್ತು.

ತಂತ್ರಜ್ಞೆ ಸೂಕ್ತಪ್ಪನ ಕಾಗದವನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡಳು. “ಬೇರೆ ಕಚೇರಿಗಳಿಗೆ ತೋರಿಸ್ತೀನಿ. ಎಲ್ಲಿ ಕಲಿತ್ರಿ ಸಾರ್ ಹೀಗೆ ಬರೆಯೋದು?”

“ಹಿತ್ತಲಲ್ಲಿ,” ಎಂದ ಸೂಕ್ತಪ್ಪ.

ಅಂದು ಸಂಜೆ ಅಕ್ಕ ಬಟ್ಟೆಗಂಟು ಕಟ್ಟಿಕೊಂಡು ಹೊರಟಾಗ, ನಾಳೆಯಿಂದ ದಿಬ್ಬಕ್ಕೆ ಅರ್ಧ ಗಂಟೆ ಹೆಚ್ಚು ನೀರು ಎಂಬ ಸುದ್ದಿ ಅವಳಿಗೆ ಆಗಲೇ ತಲುಪಿತ್ತು. “ನಿನ್ನೆ ಅಂದದ್ದು ಮನಸ್ಸಿಗೆ ಹಚ್ಕೋಬೇಡ,” ಎಂದು ತಮ್ಮನ ಕೆನ್ನೆ ತಟ್ಟಿದಳು. “ನಿಜ ಹೇಳು, ನೀನೇ ಮಾಡಿಸಿದ್ದು ತಾನೇ?”

ಸೂಕ್ತಪ್ಪ ಗಂಟಲು ಸರಿಮಾಡಿಕೊಂಡ. ಹಳೆಯ ವಾಕ್ಯ ನಾಲಗೆಯ ತುದಿಗೆ ಬಂದು ನಿಂತಿತ್ತು. “ಹೌದು,” ಎಂದ. ಹೆಂಡತಿ ಬಾಗಿಲ ಹಿಂದಿನಿಂದ ಹೊರಗೆ ಬಂದು ಅವನ ಹಣೆ ಮುಟ್ಟಿ ನೋಡಿದಳು.

ಟೈಲರ್ ಪ್ಯಾಂಟು ಹೊಲಿದುಕೊಟ್ಟ. ಬೀದಿಗೆ ಮತ್ತೆ ಒಂದೇ ಗಂಟೆ ನೀರು ಎಂದು ತಿಳಿದ ಮೇಲೆ ಹೊಲಿದದ್ದರಿಂದ ಅದು ಸೊಂಟದಲ್ಲಿ ಸ್ವಲ್ಪ ಬಿಗಿಯಿತ್ತು.

ಕುರ್ಚಿ ಸೂಕ್ತಪ್ಪನಿಗೇ ಉಳಿಯಿತು. ಅಷ್ಟಕ್ಕೇ ಬಿಡದೆ ಸಾಹೇಬರು, ಇನ್ನು ಮುಂದೆ ಕಚೇರಿಯ ಎಲ್ಲ ಸುತ್ತೋಲೆಗಳನ್ನೂ ಅವನು ಇದೇ ಧಾಟಿಯಲ್ಲಿ ಬರೆಯಬೇಕೆಂದರು. ಏಜೆಂಟಿಗೆ ಅರ್ಥವಾಗುವುದು ನೌಕರರಿಗೂ ಆಗಬೇಕಲ್ಲ ಎಂಬುದು ಅವರ ತರ್ಕ. ಸೂಕ್ತಪ್ಪ ಹಾಜರಾತಿ ಸುತ್ತೋಲೆಯಿಂದ ಶುರುಮಾಡಿದ. ‘ಕಚೇರಿ ಹತ್ತಕ್ಕೆ ತೆರೆಯುತ್ತದೆ. ಎಲ್ಲರೂ ಹತ್ತಕ್ಕೆ ತಮ್ಮ ಜಾಗದಲ್ಲಿರಬೇಕು. ಎಲ್ಲರೂ ಎಂದರೆ ಸಾಹೇಬರೂ ಸೇರಿ.’

ಸೋಮವಾರ ಹತ್ತಕ್ಕೆ ಕಚೇರಿಯ ಅಷ್ಟೂ ಜನ ಒಟ್ಟಿಗೆ ಹಾಜರಿದ್ದರು. ಹಾಗೆ ಎಂದೂ ಆಗಿರಲಿಲ್ಲವಾದ್ದರಿಂದ ಇದು ಯಾರಿಗೂ ಗೊತ್ತಿರಲಿಲ್ಲ: ಎರಡು ಕುರ್ಚಿ ಕಡಿಮೆ ಬಿದ್ದವು. ಸಾಹೇಬರೂ ಪಕ್ಕದ ಮೇಜಿನವನೂ ಮಧ್ಯಾಹ್ನದವರೆಗೆ ನಿಂತುಕೊಂಡು ಕೆಲಸ ಮಾಡಿದರು. ಸೂಕ್ತಪ್ಪ ಕಿಟಕಿ ಪಕ್ಕ ಕೂತಿದ್ದ. ಅವನು ಒಂಬತ್ತೂವರೆಗೇ ಬಂದಿದ್ದ.